ಪೆನ್ನು ಎತ್ತದೆ ಎಳೆದ ಗೆರೆ ಮಾತ್ರ ಅವಿಚ್ಛಿನ್ನವೇ?

ಓದುಗರ ಗಣಿತ ಪ್ರಶ್ನೆಗಳು

ಈ ಸಂಚಿಕೆಗೆ ಮಲೆನಾಡಿನ ಬೇರೆ ಬೇರೆ ಊರುಗಳಿಂದ ಬಂದ ಐದು ಪತ್ರಗಳು ಕಲನಶಾಸ್ತ್ರದ ಒಂದೇ ವಿಷಯವನ್ನು ಕುರಿತಾಗಿರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಾಲೇಜಿನಲ್ಲಿ ಫಂಕ್ಷನ್, ಲಿಮಿಟ್, ಕಂಟಿನ್ಯೂಟಿ, ಡೊಮೇನ್ ಎನ್ನುವುದನ್ನು ನನ್ನ ಉತ್ತರಗಳಲ್ಲಿ ಕ್ರಮವಾಗಿ ಫಲನ, ಮಿತಿ, ಅವಿಚ್ಛಿನ್ನತೆ, ಕ್ಷೇತ್ರ ಎಂದು ಬರೆದಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಕಾಗದದಿಂದ ಪೆನ್ನು ಎತ್ತದೆ ಗ್ರಾಫ್ ಎಳೆಯಲು ಸಾಧ್ಯವಾದರೆ ಆ ಫಂಕ್ಷನ್ ಕಂಟಿನ್ಯೂಯಸ್ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಕಿರುಪರೀಕ್ಷೆಯಲ್ಲಿ 1/ಎಕ್ಸ್ ಕಂಟಿನ್ಯೂಯಸ್ ಹೌದೋ ಅಲ್ಲವೋ ಎಂದು ಕೇಳಿದಾಗ, ಸೊನ್ನೆಯಲ್ಲಿ ಗೆರೆ ಕಡಿದುಹೋಗುತ್ತದೆ, ಆದ್ದರಿಂದ ಅಲ್ಲ ಎಂದು ಬರೆದೆ. ಅಂಕ ಸಿಗಲಿಲ್ಲ. ಪುಸ್ತಕ ನೋಡಿದರೆ ಅಲ್ಲಿಯೂ ಅದು ಕಂಟಿನ್ಯೂಯಸ್ ಎಂದೇ ಇದೆ. ಪೆನ್ನು ಎತ್ತಲೇಬೇಕಲ್ಲ, ಮತ್ತೆ ಹೇಗೆ?
— ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಗೊಂದಲ ಅತ್ಯಂತ ಸಹಜವಾದದ್ದು, ಮತ್ತು ಅದರ ಹೊಣೆ ಪೆನ್ನಿನ ಆ ಮಾತಿನದೇ ಹೊರತು ನಿಮ್ಮದಲ್ಲ. ಮೊದಲ ಪರಿಚಯಕ್ಕೆ ಆ ಮಾತು ಸಾಕು. ಅದನ್ನೇ ವ್ಯಾಖ್ಯೆಯೆಂದು ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಪೆನ್ನು ಇಡೀ ಗೆರೆಯನ್ನು ಒಟ್ಟಾಗಿ ನೋಡುತ್ತದೆ, ವ್ಯಾಖ್ಯೆಯಾದರೋ ಒಂದು ಸಲಕ್ಕೆ ಒಂದೇ ಬಿಂದುವನ್ನು ನೋಡುತ್ತದೆ. ಫಲನದ ಕ್ಷೇತ್ರದಲ್ಲಿರುವ, ಅಂದರೆ ಫಲನಕ್ಕೆ ಬೆಲೆಯಿರುವ, ಒಂದು ಬಿಂದುವನ್ನು ಆರಿಸಿಕೊಳ್ಳಿ. ಎಡದಿಂದ ಆ ಬಿಂದುವಿನ ಹತ್ತಿರ ಹತ್ತಿರ ಬರುತ್ತಿರುವಾಗ ಫಲನದ ಬೆಲೆಗಳು ಯಾವ ಸಂಖ್ಯೆಯತ್ತ ಸಾಗುತ್ತಿವೆ, ಬಲದಿಂದ ಬರುವಾಗ ಯಾವುದರತ್ತ ಸಾಗುತ್ತಿವೆ, ಆ ಬಿಂದುವಿನಲ್ಲಿ ಫಲನಕ್ಕೆ ನಿಜವಾಗಿ ಇರುವ ಬೆಲೆ ಎಷ್ಟು, ಈ ಮೂರೂ ಒಂದೇ ಆಗಿದ್ದರೆ ಫಲನವು ಅಲ್ಲಿ ಅವಿಚ್ಛಿನ್ನ. ಕ್ಷೇತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಹೀಗಿದ್ದರೆ ಅದು ಅವಿಚ್ಛಿನ್ನ ಫಲನ. ಬೇರೆ ಮಾತಿನಲ್ಲಿ ಹೇಳುವುದಾದರೆ, ಅಕ್ಕಪಕ್ಕದ ಬೆಲೆಗಳನ್ನು ನೋಡಿ ನಾವು ನಿರೀಕ್ಷಿಸುವ ಸಂಖ್ಯೆಯೇ ಆ ಜಾಗದಲ್ಲಿ ಇರಬೇಕು.

ಈಗ 1/ಎಕ್ಸ್ ತೆಗೆದುಕೊಳ್ಳಿ. ಸೊನ್ನೆಯಿಂದ ಭಾಗಿಸುವಂತಿಲ್ಲವಾದ್ದರಿಂದ ಸೊನ್ನೆ ಈ ಫಲನದ ಕ್ಷೇತ್ರದಲ್ಲಿಯೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರನ್ನು ಗೈರುಹಾಜರಿ ಎಂದು ಬರೆಯಲು ಬರುವುದಿಲ್ಲ. ಹಾಗೆಯೇ ಸೊನ್ನೆಯಲ್ಲಿ ಇದು ಅವಿಚ್ಛಿನ್ನವೋ ವಿಚ್ಛಿನ್ನವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೆಸರಿರುವ ಉಳಿದೆಲ್ಲ ಸಂಖ್ಯೆಗಳಲ್ಲಿ ಮೂರು ಬೆಲೆಗಳೂ ಒಂದಾಗುತ್ತವೆ, ಆದ್ದರಿಂದ ಪುಸ್ತಕದ ಮಾತು ಸರಿ. ಕೆಲವು ಪುಸ್ತಕಗಳು ಸೊನ್ನೆಯನ್ನು ಈ ಫಲನದ ಅನಂತ ವಿಚ್ಛಿನ್ನತೆಯ ಬಿಂದು ಎಂದು ಕರೆಯುವುದುಂಟು. ಅದು ಮಾತಿನ ಬಳಕೆಯಲ್ಲಿರುವ ವ್ಯತ್ಯಾಸ, ಗಣಿತದಲ್ಲಿರುವುದಲ್ಲ; ಪರೀಕ್ಷೆಯಲ್ಲಿ ನಿಮ್ಮ ಪಠ್ಯದ ವ್ಯಾಖ್ಯೆಯನ್ನೇ ಅನುಸರಿಸಿ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆಯದು: ಖಾಲಿ ಇರುವ ಜಾಗಕ್ಕೆ ಒಂದು ಬೆಲೆ ಕೊಟ್ಟರೆ ಗೆರೆ ಕೂಡಿಕೊಳ್ಳುತ್ತದೆಯೇ? (ಎಕ್ಸ್² − 9)/(ಎಕ್ಸ್ − 3) ಎಂಬ ಫಲನಕ್ಕೆ 3ರಲ್ಲಿ ಬೆಲೆಯಿಲ್ಲ. ಉಳಿದ ಕಡೆಗಳಲ್ಲಿ ಅದು ಎಕ್ಸ್ + 3 ಎಂಬುದೇ ಆಗಿರುವುದರಿಂದ 3ರ ಎರಡೂ ಮಗ್ಗುಲಿನಿಂದ ಬೆಲೆಗಳು 6ರತ್ತ ಬರುತ್ತವೆ. ಅಲ್ಲಿ 6 ಎಂದು ಇಟ್ಟರೆ ಗೆರೆ ಕೂಡಿಕೊಂಡಿತು. ನೀವು ಹಟ ಮಾಡಿ 7 ಎಂದು ಇಟ್ಟರೆ ಆಗ ಮಾತ್ರ 3ರಲ್ಲಿ ವಿಚ್ಛಿನ್ನತೆ ಹುಟ್ಟುತ್ತದೆ. 1/ಎಕ್ಸ್‌ಗೆ ಈ ರಿಪೇರಿ ಸಾಧ್ಯವಿಲ್ಲ. ಬಲದಿಂದ ಸೊನ್ನೆಗೆ ಬಂದರೆ ಬೆಲೆ ಮಿತಿಮೀರಿ ಮೇಲೇರುತ್ತದೆ, ಎಡದಿಂದ ಬಂದರೆ ಕೆಳಗಿಳಿಯುತ್ತದೆ, ಸೊನ್ನೆಯಲ್ಲಿ ಯಾವ ಸಂಖ್ಯೆಯನ್ನು ಇಟ್ಟರೂ ಹೊಂದುವುದಿಲ್ಲ. ತುಂಬಿದ ವಯಸ್ಸನ್ನು ಪೂರ್ಣ ವರ್ಷಗಳಲ್ಲಿ ಹೇಳುವ ಫಲನದಲ್ಲಿ ಕಾಣುವುದು ಮೂರನೆಯ ಬಗೆ: ಹುಟ್ಟುಹಬ್ಬದವರೆಗೂ 17, ಆ ದಿನದಿಂದ 18, ಎರಡು ಕಡೆಯ ಮಿತಿಗಳೂ ಇವೆ, ಆದರೆ ಅವು ಬೇರೆ ಬೇರೆ.

ಇನ್ನೊಂದು ಬಗೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಸೈನ್ (1/ಎಕ್ಸ್) ಎಂಬ ಫಲನವು ಸೊನ್ನೆಗೆ ಹತ್ತಿರವಾದಂತೆಲ್ಲ 1 ಮತ್ತು −1ರ ನಡುವೆ ಮತ್ತೆ ಮತ್ತೆ ತೂಗಾಡುತ್ತದೆ, ಎಷ್ಟೇ ಹತ್ತಿರ ಹೋದರೂ ಆ ತೂಗಾಟ ನಿಲ್ಲುವುದಿಲ್ಲ. ಬೆಲೆಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಎಲ್ಲಿಯೂ ನೆಲೆಯಾಗುವುದೂ ಇಲ್ಲ. ಇದನ್ನೇ ಎಕ್ಸ್‌ನಿಂದ ಗುಣಿಸಿ, ಸೊನ್ನೆಯಲ್ಲಿ ಸೊನ್ನೆ ಎಂದು ಇಟ್ಟುಕೊಂಡರೆ, ತೂಗಾಟ ಅನಂತವಾಗಿಯೇ ಇದ್ದರೂ ಅದರ ಎತ್ತರ ಕುಗ್ಗುತ್ತಾ ಹೋಗುವುದರಿಂದ ಫಲನವು ಸೊನ್ನೆಯಲ್ಲಿ ಅವಿಚ್ಛಿನ್ನವಾಗುತ್ತದೆ. ಆದರೆ ಆ ಗೆರೆಯನ್ನು ಸೊನ್ನೆಯವರೆಗೂ ಎಳೆಯಲು ಯಾವ ಕೈಗೂ ಸಾಧ್ಯವಿಲ್ಲ, ಏಕೆಂದರೆ ಅದರ ಉದ್ದವೇ ಅನಂತ. ಪೆನ್ನು ಎತ್ತಬೇಕಾದ ಕಡೆಯೂ ಅವಿಚ್ಛಿನ್ನತೆ ಇರಬಹುದು, ಪೆನ್ನಿಗೆ ನಿಲುಕದ ಕಡೆಯೂ ಇರಬಹುದು.

ಪ್ರಶ್ನೆ: ಜೋಗದಲ್ಲಿ ಶರಾವತಿ ಒಮ್ಮೆಗೇ ಕೆಳಕ್ಕೆ ಬೀಳುತ್ತದೆ. ಇದನ್ನು ಮಕ್ಕಳಿಗೆ ವಿಚ್ಛಿನ್ನತೆಯ ಉದಾಹರಣೆಯೆಂದು ಹೇಳಬಹುದೇ? ಹೇಳಿದ ಮೇಲೆ ನನಗೇ ಅನುಮಾನ ಬಂತು, ಏಕೆಂದರೆ ನೀರಿನ ಧಾರೆ ಎಲ್ಲಿಯೂ ಕಡಿದುಹೋಗುವುದಿಲ್ಲ.
— ನಿವೃತ್ತ ಶಿಕ್ಷಕರು, ಹೊಸನಗರ

ಉತ್ತರ: ಮಾನ್ಯರೇ, ಹೇಳಬಹುದು, ಆದರೆ ಯಾವ ಫಲನದ ಮಾತು ಎಂಬುದನ್ನು ಮೊದಲು ಹೇಳಿಬಿಡಬೇಕು. ಅವಿಚ್ಛಿನ್ನತೆಯು ವಸ್ತುವಿನ ಗುಣವಲ್ಲ, ಫಲನದ ಗುಣ. ಯಾವುದು ಬದಲಾದಂತೆ ಯಾವುದು ಬದಲಾಗುತ್ತದೆ ಎಂದು ಗೊತ್ತುಮಾಡದೆ ಜಲಪಾತವನ್ನು ಅವಿಚ್ಛಿನ್ನವೆಂದಾಗಲಿ ವಿಚ್ಛಿನ್ನವೆಂದಾಗಲಿ ಕರೆಯಲು ಬರುವುದಿಲ್ಲ.

ನದಿಯ ಪಾತ್ರದಲ್ಲಿ ಹರಿವಿನ ದಿಕ್ಕಿಗೆ ಅಡ್ಡಮಟ್ಟದಲ್ಲಿ ಸಾಗಿದ ದೂರವನ್ನು ಆಧಾರವಾಗಿಟ್ಟುಕೊಂಡು, ಆ ದೂರದಲ್ಲಿ ನೆಲ ಎಷ್ಟು ಎತ್ತರದಲ್ಲಿದೆ ಎಂದು ಕೇಳಿ. ರಾಜಾ ಕವಲಿನ ಬಂಡೆಯನ್ನು ನೇರ ಗೋಡೆಯೆಂದು ಭಾವಿಸಿದರೆ, ಅಂಚಿನವರೆಗೆ ಒಂದು ಎತ್ತರವಿದ್ದು, ಅಂಚನ್ನು ಕೂದಲೆಳೆಯಷ್ಟು ದಾಟಿದೊಡನೆ ಸುಮಾರು 253 ಮೀಟರ್ ಕೆಳಗಿನ ಎತ್ತರ ಸಿಗುತ್ತದೆ. ಇಲ್ಲಿ ವಿಚ್ಛಿನ್ನತೆ ಇದೆ. ಅಂಚಿನ ಬಿಂದುವನ್ನು ಮೇಲಿನ ಬಂಡೆಗೇ ಸೇರಿಸಿಕೊಂಡರೆ, ಬಂಡೆಯ ಕಡೆಯಿಂದ ಬರುವಾಗ ಬೆಲೆ ಹೊಂದಿಕೊಳ್ಳುತ್ತದೆ, ಕಣಿವೆಯ ಕಡೆಯಿಂದ ಬರುವಾಗ ಹೊಂದಿಕೊಳ್ಳುವುದಿಲ್ಲ. ಒಂದೇ ಮಗ್ಗುಲಿನ ಅವಿಚ್ಛಿನ್ನತೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತಿಳಿದಿಲ್ಲ.

ಈಗ ಒಂದೇ ಒಂದು ನೀರ ಹನಿಯನ್ನು ಹಿಂಬಾಲಿಸಿ, ದೂರದ ಬದಲಿಗೆ ಕಾಲವನ್ನು ಆಧಾರವಾಗಿಟ್ಟುಕೊಳ್ಳಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅಂಚು ಬಿಟ್ಟ ಒಂದು ಸೆಕೆಂಡಿನಲ್ಲಿ ಹನಿ 4.9 ಮೀಟರ್ ಕೆಳಗಿರುತ್ತದೆ, ಎರಡು ಸೆಕೆಂಡಿನಲ್ಲಿ 19.6 ಮೀಟರ್, ಮೂರರಲ್ಲಿ 44.1 ಮೀಟರ್; ತಳ ಮುಟ್ಟಲು 7 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಕೊನೆಯ ಗಳಿಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 70 ಮೀಟರ್. ಅಷ್ಟು ವೇಗವಿದ್ದರೂ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅದು ಇಳಿಯುವುದು 7 ಸೆಂಟಿಮೀಟರ್ ಮಾತ್ರ, ಆ ಕಾಲವನ್ನು ಇನ್ನೂ ಕಿರಿದಾಗಿಸಿದರೆ ಇಳಿತವೂ ಅಷ್ಟೇ ಕಿರಿದಾಗುತ್ತದೆ. ಆದ್ದರಿಂದ ಕಾಲದ ಫಲನವಾಗಿ ಹನಿಯ ಎತ್ತರ ಎಲ್ಲೆಲ್ಲೂ ಅವಿಚ್ಛಿನ್ನ. ನಿಮಗೆ ಅನುಮಾನ ಹುಟ್ಟಿಸಿದ್ದು ಈ ಎರಡನೆಯ ಫಲನ, ನೀವು ಮಕ್ಕಳಿಗೆ ಹೇಳಿದ್ದು ಮೊದಲನೆಯದು. ಎರಡೂ ಸರಿ.

ಮೇಲಿನ ತರಗತಿಯ ಮಕ್ಕಳಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸಮತಟ್ಟಾದ ಬಂಡೆಯ ಮೇಲೆ ಹರಿದುಬಂದ ಹನಿಗೆ ಅಂಚಿನಲ್ಲಿ ಕೆಳಮುಖದ ವೇಗ ಸೊನ್ನೆ, ಅಲ್ಲಿಂದ ಅದು ಸೊನ್ನೆಯಿಂದಲೇ ಬೆಳೆಯುತ್ತದೆ. ಹೀಗಾಗಿ ವೇಗವೂ ಅವಿಚ್ಛಿನ್ನ. ಆದರೆ ಕೆಳಮುಖದ ವೇಗೋತ್ಕರ್ಷವು ಅಂಚಿನವರೆಗೆ ಸೊನ್ನೆಯಿದ್ದು, ಅಂಚು ಬಿಟ್ಟೊಡನೆ 9.8 ಆಗುತ್ತದೆ. ಒಂದೇ ಹನಿ, ಒಂದೇ ಕ್ಷಣ: ಎತ್ತರ ಅವಿಚ್ಛಿನ್ನ, ವೇಗ ಅವಿಚ್ಛಿನ್ನ, ವೇಗೋತ್ಕರ್ಷ ವಿಚ್ಛಿನ್ನ. ಬಂಡೆಯ ಅಂಚು ನಿಜವಾಗಿ ಸವೆದು ಗುಂಡಗಾಗಿರುತ್ತದೆ, ಗೋಡೆ ಪೂರ್ತಿ ನೇರವಾಗಿರುವುದಿಲ್ಲ ಎಂದು ಯಾವುದಾದರೂ ಮಗು ಹೇಳಿದರೆ ದಯವಿಟ್ಟು ಅದನ್ನು ಮೆಚ್ಚಿಕೊಳ್ಳಿ. ನಾವು ಮಾತನಾಡುತ್ತಿರುವುದು ನಾವೇ ಸರಳಗೊಳಿಸಿಕೊಂಡ ಚಿತ್ರದ ಬಗ್ಗೆ ಎಂಬುದು ಆ ಮಗುವಿಗೆ ತಿಳಿದಿದೆ.

ಪ್ರಶ್ನೆ: ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡುತ್ತೇನೆ. ನಿನ್ನೆ 1,795 ಅಡಿ, ಇಂದು 1,797 ಅಡಿ ಎಂದಿದ್ದರೆ, ನಡುವೆ ಯಾವುದೋ ಗಳಿಗೆಯಲ್ಲಿ ಸರಿಯಾಗಿ 1,796 ಅಡಿ ಇದ್ದೇ ಇತ್ತು ಎಂದು ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ, ಅದಕ್ಕೊಂದು ಪ್ರಮೇಯವಿದೆ ಎನ್ನುತ್ತಾಳೆ. ಇಷ್ಟು ಸ್ಪಷ್ಟವಾದ ವಿಷಯಕ್ಕೆ ಪ್ರಮೇಯ ಏಕೆ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಮಗಳು ಹೇಳಿದ್ದು ಸರಿ. ಅದು ಏಕೆ ಪ್ರಮೇಯವಾಗಬೇಕು ಎಂಬುದು ನಿಮ್ಮ ಕಸುಬಿನ ಉದಾಹರಣೆಯಿಂದಲೇ ತಿಳಿಯುತ್ತದೆ. ರಾಶಿ ಅಡಿಕೆಗೆ ಮಾರುಕಟ್ಟೆಯಲ್ಲಿ ನಿನ್ನೆ ಕ್ವಿಂಟಲಿಗೆ 48,000 ರೂಪಾಯಿ, ಇಂದು 50,000 ರೂಪಾಯಿ ಎಂದಿಟ್ಟುಕೊಳ್ಳಿ. ನಡುವೆ ಯಾವುದೋ ಗಳಿಗೆಯಲ್ಲಿ ಧಾರಣೆ ಸರಿಯಾಗಿ 49,000 ಇತ್ತು ಎಂದು ನೀವು ಒಪ್ಪುವುದಿಲ್ಲ; ಟೆಂಡರಿನಲ್ಲಿ ನಿಂತ ದರ ಒಂದರಿಂದ ಇನ್ನೊಂದಕ್ಕೆ ಜಿಗಿಯಿತು, ಅಷ್ಟೇ. ಎರಡೂ ದಿನದಿನದ ಅಂಕಿಗಳು, ಎರಡೂ ಏರಿವೆ, ಆದರೂ ಒಂದರಲ್ಲಿ ನಡುವಿನ ಬೆಲೆ ಇರಲೇಬೇಕು, ಇನ್ನೊಂದರಲ್ಲಿ ಇರಬೇಕಾಗಿಲ್ಲ. ವ್ಯತ್ಯಾಸವಿರುವುದು ಅವಿಚ್ಛಿನ್ನತೆಯಲ್ಲಿ. ಹೊಸನಗರ, ನಗರದ ಕಡೆ ಎಷ್ಟೇ ಮಳೆ ಸುರಿದರೂ ಜಲಾಶಯಕ್ಕೆ ಸೆಕೆಂಡಿಗೆ ಹರಿದುಬರುವ ನೀರಿಗೆ ಒಂದು ಲೆಕ್ಕವಿರುತ್ತದೆ, ಆ ನೀರು ಅಷ್ಟು ವಿಶಾಲವಾದ ಹಿನ್ನೀರಿನ ಮೇಲೆ ಹರಡಿಕೊಳ್ಳುತ್ತದೆ. ಅತ್ಯಲ್ಪ ಕಾಲದಲ್ಲಿ ಮಟ್ಟ ಅತ್ಯಲ್ಪವಾಗಿಯೇ ಏರಬಲ್ಲದು. ಗರಿಷ್ಠ ಮಟ್ಟವಾದ 1,819 ಅಡಿಯನ್ನು ಅದು ಮುಟ್ಟುವುದಿದ್ದರೆ, ಕೆಳಗಿನ ಪ್ರತಿಯೊಂದು ಮಟ್ಟವನ್ನೂ ಹಾದೇ ಮುಟ್ಟಬೇಕು.

ಮಗಳು ಹೇಳಿದ್ದು ಮಧ್ಯಬೆಲೆಯ ಪ್ರಮೇಯ: ಒಂದು ತುಂಡಿನ ಉದ್ದಕ್ಕೂ ಅವಿಚ್ಛಿನ್ನವಾದ ಫಲನವು ಎರಡು ತುದಿಗಳಲ್ಲಿ ಪಡೆದ ಬೆಲೆಗಳ ನಡುವಿನ ಪ್ರತಿಯೊಂದು ಬೆಲೆಯನ್ನೂ ಎಲ್ಲಾದರೂ ಒಂದೆಡೆ ಪಡೆಯುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ಬಸ್ಸೂ, ಅದೇ ಹೊತ್ತಿಗೆ ಸಾಗರದಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸೂ ಕುಂಸಿಯ ಬಳಿಯೋ ಆನಂದಪುರದ ಬಳಿಯೋ ಎದುರಾಗಲೇಬೇಕು ಎಂದು ನೀವು ಯೋಚಿಸದೆ ಹೇಳುತ್ತೀರಿ. ಮೊದಲ ಬಸ್ಸು ಶಿವಮೊಗ್ಗದಿಂದ ಇರುವ ದೂರದಲ್ಲಿ ಎರಡನೆಯ ಬಸ್ಸಿನ ದೂರವನ್ನು ಕಳೆಯಿರಿ. ಹೊರಡುವಾಗ ಉತ್ತರ ಋಣ ಸಂಖ್ಯೆ, ತಲುಪಿದಾಗ ಧನ ಸಂಖ್ಯೆ. ನಡುವೆ ಸೊನ್ನೆಯಾದ ಗಳಿಗೆಯೇ ಅವು ಎದುರಾದ ಗಳಿಗೆ. ಆ ಗಳಿಗೆ ಎಷ್ಟು ಹೊತ್ತಿಗೆ ಎಂದು ಪ್ರಮೇಯ ಹೇಳುವುದಿಲ್ಲ. ಅಂಥ ಗಳಿಗೆ ಒಂದೇ ಎಂದೂ ಹೇಳುವುದಿಲ್ಲ: ಜಲಾಶಯದ ಮಟ್ಟ ರಾತ್ರಿ 1,796ಕ್ಕೆ ಏರಿ, ಇಳಿದು, ಮತ್ತೆ ಏರಿರಬಹುದು.

ಇಷ್ಟು ಸ್ಪಷ್ಟವಾದದ್ದಕ್ಕೆ ಸಾಧನೆ ಏಕೆ ಎಂದು ನೀವು ಕೇಳಿದ್ದೀರಿ. ಪ್ರಾಗ್ ನಗರದ ಬರ್ನಾರ್ಡ್ ಬೊಲ್ಜಾನೊ ಎಂಬ ಪಾದ್ರಿ, ಗಣಿತಜ್ಞ, 1817ರಲ್ಲಿ ಇದನ್ನು ಚಿತ್ರದ ನೆರವಿಲ್ಲದೆ ಸಾಧಿಸಲೇಬೇಕು ಎಂದು ಹಟ ಹಿಡಿದು ಒಂದು ಪ್ರಬಂಧವನ್ನೇ ಬರೆದರು. ಅವರ ಹಟಕ್ಕೆ ಕಾರಣವಿತ್ತು. ನಮ್ಮಲ್ಲಿ ಭಿನ್ನರಾಶಿಗಳು, ಅಂದರೆ ಭಾಗಲಬ್ಧ ಸಂಖ್ಯೆಗಳು ಮಾತ್ರ ಇವೆ ಎಂದು ಭಾವಿಸಿ ಎಕ್ಸ್² − 2 ಎಂಬ ಫಲನವನ್ನು ನೋಡಿ. 1ರಲ್ಲಿ ಅದು −1, 2ರಲ್ಲಿ 2; ನಡುವಿನ ಯಾವ ಭಿನ್ನರಾಶಿಯಲ್ಲಿಯೂ ಜಿಗಿತವಿಲ್ಲ. ಆದರೂ ಯಾವ ಭಿನ್ನರಾಶಿಯಲ್ಲಿಯೂ ಅದು ಸೊನ್ನೆಯಾಗುವುದಿಲ್ಲ, ಏಕೆಂದರೆ 2ರ ವರ್ಗಮೂಲ ಭಿನ್ನರಾಶಿಯಲ್ಲ. ಫಲನದಲ್ಲಿ ಕೊರತೆಯಿಲ್ಲ, ಸಂಖ್ಯಾರೇಖೆಯಲ್ಲಿಯೇ ಸಂದುಗಳಿವೆ. ಹಾಗಾಗಿ ನೀವು ಸ್ಪಷ್ಟವೆಂದು ಕಂಡ ಮಾತು ನಿಲ್ಲಬೇಕಾದರೆ ವಾಸ್ತವ ಸಂಖ್ಯೆಗಳ ನಡುವೆ ಸಂದೇ ಇಲ್ಲ ಎಂಬುದೂ ಬೇಕು.

ಪ್ರಶ್ನೆ: ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ಎಪ್ಸಿಲಾನ್, ಡೆಲ್ಟಾ ಎಂದರೆ ತಲೆ ಸುತ್ತುತ್ತದೆ. ‘ಎಕ್ಸ್ ಹತ್ತಿರ ಬಂದರೆ ಬೆಲೆಯೂ ಹತ್ತಿರ ಬರುತ್ತದೆ’ ಎಂದರೆ ಸಾಲದೇ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎಷ್ಟು ಹತ್ತಿರ ಎಂದು ಕೇಳುವವರೆಗೆ ಸಾಕು. ಅಡಿಕೆ ಒಣಗಿಸಲು ಒಂದು ಮಗ್ಗುಲು 3 ಮೀಟರ್ ಇರುವ ಚೌಕದ ಅಂಗಳ ಬೇಕಾಗಿದೆ, ಅಂದರೆ 9 ಚದರ ಮೀಟರ್. ವಿಸ್ತೀರ್ಣದಲ್ಲಿ 0.1 ಚದರ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು ಎಂದು ಮನೆಯವರು ಹೇಳುತ್ತಾರೆ. ಅಳತೆಯಲ್ಲಿ ನಾವು ಎಷ್ಟು ತಪ್ಪಬಹುದು? 1.4 ಸೆಂಟಿಮೀಟರ್ ತಪ್ಪಿದರೂ ನಡೆಯುತ್ತದೆ: 3.014ರ ವರ್ಗ ಸುಮಾರು 9.084, 2.986ರ ವರ್ಗ ಸುಮಾರು 8.916. ಮನೆಯವರು ಇನ್ನೂ ಬಿಗಿ ಮಾಡಿ 0.01 ಎಂದರೆ ನಾವು 1.4 ಮಿಲಿಮೀಟರ್ ಎನ್ನುತ್ತೇವೆ. ಅವರು ಕೇಳುವ ಬಿಗಿ ಎಪ್ಸಿಲಾನ್, ನಾವು ಕೊಡುವ ಉತ್ತರ ಡೆಲ್ಟಾ. 3ರಿಂದ ಎಕ್ಸ್ ಒಂದಕ್ಕಿಂತ ಹೆಚ್ಚು ದೂರ ಹೋಗದಿದ್ದರೆ ಎಕ್ಸ್ + 3 ಎಂಬುದು 7ನ್ನು ಮೀರುವುದಿಲ್ಲವಾದ್ದರಿಂದ, ಎಪ್ಸಿಲಾನಿನ ಏಳನೆಯ ಒಂದು ಭಾಗವನ್ನು, ಅದು ಒಂದನ್ನು ಮೀರದಂತೆ ನೋಡಿಕೊಂಡು, ಡೆಲ್ಟಾ ಎಂದು ಕೊಟ್ಟರೆ ಯಾವ ಬಿಗಿಗೂ ಉತ್ತರ ಸಿದ್ಧವಾಯಿತು. ಅವಿಚ್ಛಿನ್ನತೆ ಎಂದರೆ ಇಷ್ಟೇ: ಯಾವ ಎಪ್ಸಿಲಾನ್ ಕೇಳಿದರೂ ಕೊಡಲು ಒಂದು ಡೆಲ್ಟಾ ಇದೆ. ಮೊದಲು ಕೇಳಿಕೆ, ಆಮೇಲೆ ಉತ್ತರ. ಈ ಕ್ರಮವನ್ನು ತಿರುಗಿಸಿ ಬರೆಯುವುದೇ ಹೆಚ್ಚಿನ ವಿದ್ಯಾರ್ಥಿಗಳು ಮಾಡುವ ತಪ್ಪು.

ತುಂಬಿದ ವಯಸ್ಸಿನ ಫಲನವನ್ನು ಹದಿನೆಂಟು ತುಂಬುವ ಕ್ಷಣದಲ್ಲಿ ಇದೇ ಪರೀಕ್ಷೆಗೆ ಒಡ್ಡಿ. ಅರ್ಧ ವರ್ಷದೊಳಗಿನ ವ್ಯತ್ಯಾಸ ಬೇಕು ಎಂದು ಕೇಳಿದರೆ, ಡೆಲ್ಟಾ ಒಂದು ಸೆಕೆಂಡು ಎಂದರೂ, ಅದಕ್ಕಿಂತ ಕಿರಿದೆಂದರೂ, ಸ್ವಲ್ಪ ಹಿಂದಿನ ಗಳಿಗೆಯಲ್ಲಿ ಬೆಲೆ 17 ಆಗಿಯೇ ಇರುತ್ತದೆ, ವ್ಯತ್ಯಾಸ ಪೂರ್ತಿ ಒಂದು ವರ್ಷ. ಕೊಡಲು ಡೆಲ್ಟಾ ಇಲ್ಲ.

‘ಹತ್ತಿರ’ ಎಂಬ ಸಡಿಲ ಮಾತು ದೊಡ್ಡವರನ್ನೂ ಎಡವಿಸಿದೆ ಎಂಬುದು ನಿಮಗೆ ಧೈರ್ಯ ಕೊಡಬಹುದು. ಫ್ರಾನ್ಸಿನ ಕೋಶಿ 1821ರ ತಮ್ಮ ಪಠ್ಯಪುಸ್ತಕದಲ್ಲಿ ಅವಿಚ್ಛಿನ್ನತೆಯನ್ನು ಸ್ಪಷ್ಟವಾಗಿ ನಿರೂಪಿಸಿದವರು. ಅವಿಚ್ಛಿನ್ನ ಫಲನಗಳ ಅನಂತ ಶ್ರೇಣಿಯೊಂದು ಒಂದು ಮೊತ್ತಕ್ಕೆ ನಿಂತರೆ ಆ ಮೊತ್ತವೂ ಅವಿಚ್ಛಿನ್ನವೇ ಎಂದು ಅದೇ ಪುಸ್ತಕದಲ್ಲಿ ಬರೆದರು. ನಾರ್ವೆಯ ಯುವಕ ಆಬೆಲ್ 1826ರಲ್ಲಿ ಇದಕ್ಕೆ ಅಪವಾದವಿದೆ ಎಂದು ತೋರಿಸಿದರು. ಸೈನ್ ಎಕ್ಸ್‌ನಿಂದ ಸೈನ್ 2ಎಕ್ಸ್‌ನ ಅರ್ಧವನ್ನು ಕಳೆದು, ಸೈನ್ 3ಎಕ್ಸ್‌ನ ಮೂರನೆಯ ಒಂದು ಭಾಗವನ್ನು ಕೂಡಿ, ಹೀಗೆಯೇ ಮುಂದುವರಿಸುತ್ತಾ ಹೋಗಿ. ಒಂದೊಂದು ಅಲೆಯೂ ನುಣುಪಾದದ್ದು. ಎಕ್ಸ್ ಪೈಗಿಂತ ಕಡಿಮೆ ಇರುವಾಗ ಮೊತ್ತ ಎಕ್ಸ್‌ನ ಅರ್ಧಕ್ಕೆ ಸಮ, ಅಂದರೆ ಪೈ ಹತ್ತಿರವಾದಂತೆ ಅದು 1.57ರ ಸಮೀಪಕ್ಕೆ ಬರುತ್ತದೆ. ಸರಿಯಾಗಿ ಪೈನಲ್ಲಿ ಎಲ್ಲ ಅಲೆಗಳೂ ಸೊನ್ನೆಯಾಗುವುದರಿಂದ ಮೊತ್ತವೂ ಸೊನ್ನೆ. ಪೈ ದಾಟಿದೊಡನೆ −1.57ರ ಸಮೀಪ. ಜಿಗಿತವೇ ಇಲ್ಲದ ಅಲೆಗಳು ಕೂಡಿ ಜಿಗಿತವನ್ನು ಹುಟ್ಟಿಸಿದವು. ಪೈಗೆ ಹತ್ತಿರವಾದಷ್ಟೂ ಮೊತ್ತವು ತನ್ನ ಬೆಲೆಯ ಸಮೀಪಕ್ಕೆ ಬರಲು ಹೆಚ್ಚು ಹೆಚ್ಚು ಅಲೆಗಳನ್ನು ಕೂಡಬೇಕಾಗುತ್ತದೆ. ಯಾವುದು ಯಾವುದರ ಹತ್ತಿರ, ಯಾವುದನ್ನು ಮೊದಲು ಗೊತ್ತುಮಾಡಿಕೊಂಡೆವು ಎಂಬುದನ್ನು ‘ಹತ್ತಿರ’ ಎಂಬ ಒಂದೇ ಮಾತು ಮರೆಮಾಚಿಬಿಡುತ್ತದೆ. ಬರ್ಲಿನ್ನಿನ ವೈಯರ್‌ಸ್ಟ್ರಾಸ್ ಮತ್ತು ಅವರ ಶಿಷ್ಯರು ಎಪ್ಸಿಲಾನ್ ಮತ್ತು ಡೆಲ್ಟಾಗಳ ಭಾಷೆಯನ್ನು ನೆಲೆಗೊಳಿಸಿದ ಮೇಲೆಯೇ ಈ ತೊಡಕು ಬಿಡಿಸಿಕೊಂಡಿತು. ಎಲ್ಲೆಡೆ ಅವಿಚ್ಛಿನ್ನವಾಗಿದ್ದರೂ ಒಂದು ಬಿಂದುವಿನಲ್ಲಿಯೂ ಸ್ಪರ್ಶರೇಖೆಯಿಲ್ಲದ ಫಲನವೊಂದನ್ನು ಅದೇ ವೈಯರ್‌ಸ್ಟ್ರಾಸ್ 1872ರಲ್ಲಿ ಬರ್ಲಿನ್ ಅಕಾಡೆಮಿಯ ಮುಂದಿಟ್ಟರು. ಅಂಥ ಫಲನವನ್ನು ಚಿತ್ರದಿಂದ ಊಹಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಪ್ರಶ್ನೆ: ಎಲ್ಲ ಬಿಂದುಗಳಲ್ಲಿಯೂ ವಿಚ್ಛಿನ್ನವಾದ ಫಲನ ಇದೆಯೇ? ಒಂದೇ ಬಿಂದುವಿನಲ್ಲಿ ಅವಿಚ್ಛಿನ್ನವಾದದ್ದು?
— ಓದುಗರು, ಕೊಪ್ಪ

ಉತ್ತರ: ಎರಡೂ ಇವೆ. ಭಾಗಲಬ್ಧ ಸಂಖ್ಯೆಗಳಿಗೆ ಒಂದು ಬೆಲೆ, ಅಭಾಗಲಬ್ಧ ಸಂಖ್ಯೆಗಳಿಗೆ ಇನ್ನೊಂದು ಬೆಲೆ ಕೊಡುವ ಫಲನವನ್ನು ಡಿರಿಕ್ಲೆ 1829ರಲ್ಲಿ ಮುಂದಿಟ್ಟರು. ಎಷ್ಟು ಕಿರಿದಾದ ಜಾಗದಲ್ಲಿಯೂ ಎರಡೂ ಬಗೆಯ ಸಂಖ್ಯೆಗಳಿರುವುದರಿಂದ ಅದು ಎಲ್ಲೆಡೆ ವಿಚ್ಛಿನ್ನ. ಭಾಗಲಬ್ಧ ಎಕ್ಸ್‌ಗೆ ಎಕ್ಸ್ ಅನ್ನೇ, ಅಭಾಗಲಬ್ಧಕ್ಕೆ ಸೊನ್ನೆಯನ್ನು ಕೊಟ್ಟರೆ ಸೊನ್ನೆಯಲ್ಲಿ ಮಾತ್ರ ಅವಿಚ್ಛಿನ್ನತೆ ಉಳಿಯುತ್ತದೆ.

ಇವೆರಡಕ್ಕಿಂತಲೂ ನನಗೆ ಪ್ರಿಯವಾದದ್ದು ಟೋಮೆ ಎಂಬ ಜರ್ಮನ್ ಗಣಿತಜ್ಞರು 1875ರಲ್ಲಿ ಕೊಟ್ಟ ಫಲನ. ಸಂಕ್ಷೇಪಿಸಿ ಬರೆದ ಭಿನ್ನರಾಶಿಯ ಛೇದ 5 ಆಗಿದ್ದರೆ ಬೆಲೆ 1/5, ಛೇದ 100 ಆಗಿದ್ದರೆ 1/100. ಅಭಾಗಲಬ್ಧ ಸಂಖ್ಯೆಗಳಲ್ಲಿ ಬೆಲೆ ಸೊನ್ನೆ. ಸಂಖ್ಯಾರೇಖೆಯ ಒಂದು ತುಂಡಿನಲ್ಲಿ 100ಕ್ಕಿಂತ ದೊಡ್ಡದಲ್ಲದ ಛೇದವಿರುವ ಭಿನ್ನರಾಶಿಗಳು ಎಣಿಸಿ ಮುಗಿಸುವಷ್ಟೇ ಇರುತ್ತವೆ. ಆದ್ದರಿಂದ ಒಂದು ಅಭಾಗಲಬ್ಧ ಸಂಖ್ಯೆಯ ಸುತ್ತ ಅವೆಲ್ಲವನ್ನೂ ಹೊರಗಿಡುವಷ್ಟು ಕಿರಿದಾದ ಜಾಗವನ್ನು ಆರಿಸಿಕೊಳ್ಳಬಹುದು, ಅಲ್ಲಿ ಬೆಲೆಗಳೆಲ್ಲ 1/100ಕ್ಕಿಂತ ಕಡಿಮೆ. 100ರ ಬದಲು ಯಾವ ಸಂಖ್ಯೆಯನ್ನು ಇಟ್ಟರೂ ಇದೇ ಮಾತು. ಹೀಗೆ ಅದು ಪ್ರತಿಯೊಂದು ಅಭಾಗಲಬ್ಧ ಸಂಖ್ಯೆಯಲ್ಲಿಯೂ ಅವಿಚ್ಛಿನ್ನ, ಪ್ರತಿಯೊಂದು ಭಿನ್ನರಾಶಿಯಲ್ಲಿಯೂ ವಿಚ್ಛಿನ್ನ. ಇದನ್ನು ತಿರುವುಮುರುವು ಮಾಡಿ, ಭಿನ್ನರಾಶಿಗಳಲ್ಲಿ ಅವಿಚ್ಛಿನ್ನವಾಗಿಯೂ ಅಭಾಗಲಬ್ಧ ಸಂಖ್ಯೆಗಳಲ್ಲಿ ವಿಚ್ಛಿನ್ನವಾಗಿಯೂ ಇರುವ ಫಲನವನ್ನು ಕಟ್ಟಲು ಸಾಧ್ಯವೇ ಎಂದು ನೀವು ಮುಂದೆ ಕೇಳಬಹುದು. ಸಾಧ್ಯವಿಲ್ಲ ಎಂದು ಇಟಲಿಯ ವೋಲ್ಟೆರಾ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1881ರಲ್ಲಿ, ಸಾಧಿಸಿ ತೋರಿಸಿದರು.